ಹನ್ನೆರಡು ಗಂಟೆಯ ಫೋನು

ಮಕ್ಕಳೇ, ನಮ್ಮ ಹಳೆಯ ಆಲ್ಬಮ್ಮಿನಲ್ಲಿ ಒಂದು ಫೋಟೋ ಇದೆ. ಬೆರ್ರಿಯೆಸಾ ಬಡಾವಣೆಯ ಬಾಡಿಗೆ ಮನೆಯ ಅಡುಗೆಮನೆ. ನಾನು ನೆಲದ ಮೇಲೆ ಮೆಂತ್ಯಸೊಪ್ಪು ಬಿಡಿಸುತ್ತ ಕೂತಿದ್ದೇನೆ. ಎದುರಿಗೆ ಗುಂಗುರು ಕೂದಲಿನ ಒಬ್ಬ ಹುಡುಗಿ, ಅವಳ ತೊಡೆಯ ಮೇಲೆ ನೀವಿಬ್ಬರು. "ಹೂ ಈಸ್ ದಿಸ್, ಆಯಿ?" ಎಂದು ನೀವು ಕೇಳಿದಾಗಲೆಲ್ಲ "ಓದಲಿಕ್ಕೆ ಬಂದಿದ್ದ ಅಕ್ಕ" ಎಂದಷ್ಟೇ ಹೇಳಿ ಪುಟ ತಿರುವಿದ್ದೇನೆ. ಬಾಯಿಯಿಂದ ಹೇಳಲು ನನಗೆ ಆಗುವುದಿಲ್ಲ. ಊರ ಸಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ, ಅದಕ್ಕೆ ಬರೆಯುತ್ತಿದ್ದೇನೆ. ನಿಮ್ಮ ಅವ್ವ ಓದಿ ಹೇಳಲಿ.

ನಿಮ್ಮ ಅಜ್ಜ ತೀರಿಕೊಂಡು ಮೂರು ವರ್ಷವಾಗಿತ್ತು. ನಿಮ್ಮನ್ನು ನೋಡಿಕೊಳ್ಳಲೆಂದು ಮಗಳು ನನ್ನನ್ನು ಕರೆಸಿಕೊಂಡಿದ್ದಳು. ದೊಡ್ಡವಳಿಗೆ ನಾಲ್ಕು ವರ್ಷ, ಡೇಕೇರಿಗೆ ಹೋಗುತ್ತಿದ್ದಳು. ಸಣ್ಣವನಿಗೆ ಒಂದೂವರೆ, ದಿನವೆಲ್ಲ ನನ್ನ ಸೆರಗು ಹಿಡಿದೇ ಇರುತ್ತಿದ್ದ. ಡಾಟ್ ಕಾಮ್ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕತೊಡಗಿದ್ದ ಕಾಲ ಅದು. ನಿಮ್ಮ ಅಪ್ಪ ಅವ್ವ ಬೆಳಿಗ್ಗೆ ಆಫೀಸಿಗೆ ಹೋದರೆ ಸಂಜೆ ಬರುವಾಗ ಕೆಲಸ ಇರುತ್ತದೋ ಇಲ್ಲವೋ ಎಂಬ ಹೆದರಿಕೆಯಲ್ಲೇ ಬರುತ್ತಿದ್ದರು.

ಆ ಹುಡುಗಿ ಅರ್ಜೆಂಟೀನಾದವಳು, ಹದಿನಾರು ವರ್ಷದವಳು, ಯಹೂದಿ. ಒಂದು ವರ್ಷ ಇಲ್ಲಿಯ ಹೈಸ್ಕೂಲಿನಲ್ಲಿ ಓದಿ ವಾಪಸು ಹೋಗುವ ಏರ್ಪಾಟಿನ ಮೇಲೆ ಬಂದಿದ್ದಳು. ಅವಳನ್ನು ಇಟ್ಟುಕೊಳ್ಳಬೇಕಾಗಿದ್ದದ್ದು ಅವಳದೇ ಧರ್ಮದ ಒಂದು ಕುಟುಂಬ. ಆ ಮನೆಯ ಯಜಮಾನನಿಗೆ ಕೆಲಸ ಹೋಗಿ, ಅವರು ಸಣ್ಣ ಮನೆ ಹುಡುಕಿಕೊಂಡು ಗಿಲ್‌ರಾಯ್ ಕಡೆ ಹೊರಟುಬಿಟ್ಟರು. ಶಾಲೆಯ ಕೌನ್ಸೆಲರ್ ನಮ್ಮ ಬೀದಿಯವಳೇ. ಆಕೆ ಬಂದು ನಿಮ್ಮ ಅವ್ವನನ್ನು ಕೇಳಿದಳು. ಹುಡುಗಿಗೆ ಊಟದ ಕಟ್ಟುಪಾಡು ಬಹಳ; ಮಾಂಸ ಮುಟ್ಟಿದ ಪಾತ್ರೆಯಲ್ಲಿ ಹಾಲು ಹಾಕುವ ಹಾಗಿಲ್ಲ, ಇನ್ನೂ ಏನೇನೋ. ನಾವು ಲಿಂಗಾಯತರು, ಮನೆಯಲ್ಲಿ ಮಾಂಸವೂ ಇಲ್ಲ, ಮೊಟ್ಟೆಯೂ ಇಲ್ಲ. "ಹಾಗಿದ್ದರೆ ನಿಮ್ಮ ಮನೆಗಿಂತ ಒಳ್ಳೆಯದು ಬೇರೆ ಸಿಗುವುದಿಲ್ಲ" ಎಂದಳು ಆಕೆ.

ಮೊದಲ ವಾರ ಹುಡುಗಿ ಮಾತೇ ಆಡಲಿಲ್ಲ. ನಾನೂ ಆಡಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ದಾಟಿಕೊಂಡು ಓಡಾಡುತ್ತಿದ್ದೆವು. ಒಂದು ದಿನ ನಾನು ಸೊಪ್ಪು ಬಿಡಿಸುವಾಗ ಅವಳು ಬಂದು ಎದುರು ಕೂತು, ಒಂದೊಂದೇ ಎಲೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡತೊಡಗಿದಳು. ನನ್ನ ಕೆಲಸದ ಮೇಲೆ ನಂಬಿಕೆ ಇಲ್ಲವೇನೋ ಎಂದು ನನಗೆ ಸಿಟ್ಟು ಬಂತು. ಆಮೇಲೆ ತಿಳಿಯಿತು, ಎಲೆಯಲ್ಲಿ ಅಡಗಿದ ಹುಳವೊಂದು ಹೊಟ್ಟೆಗೆ ಹೋದರೂ ಅವರಲ್ಲಿ ದೊಡ್ಡ ತಪ್ಪಂತೆ. ಊರಿನಲ್ಲಿ ಅವಳೂ ಅವಳ ಅಪ್ಪನೂ ಶುಕ್ರವಾರ ಕೂತು ಹೀಗೆಯೇ ಎಲೆ ನೋಡುತ್ತಿದ್ದರಂತೆ. ಅಂದಿನಿಂದ ಆ ಕೆಲಸ ನಮ್ಮಿಬ್ಬರದು. ನಿಮ್ಮ ಅಪ್ಪ ಮಂಡ್ಯದವನಲ್ಲವೇ, ನಗೆ ಜಾಸ್ತಿ. "ಅತ್ತೇ, ನಿಮ್ಗೆ ಸರಿಯಾದ್ ಜೋಡಿ ಸಿಕ್ತು ಬಿಡಿ. ನೀವು ಹುಳ ಹುಡುಕ್ತೀರ, ಇವ್ಳು ಹುಳದ ಮರಿಮೊಮ್ಮಗನ್ನ ಹುಡುಕ್ತಾಳೆ. ನಮ್ಗೆ ಊಟ ಸಿಗೋದು ನಾಳೆ" ಎಂದು ಅಣಕಿಸುತ್ತಿದ್ದ.

ಅವಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು, ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಈ ಮಾತನ್ನು ನೀವು ಗಮನವಿಟ್ಟು ಕೇಳಬೇಕು. ನಾನು ಇಂಗ್ಲಿಷ್ ಮಾತಾಡುತ್ತಿರಲಿಲ್ಲ, ಆದರೆ ನನಗೆ ತಿಳಿಯುತ್ತಿತ್ತು. ಟೀವಿ ನೋಡಿ, ದೊಡ್ಡವಳ ಪುಸ್ತಕ ನೋಡಿ, ಆ ಹುಡುಗಿಯ ಜೊತೆ ಕೂತು ಎಷ್ಟೋ ಕಲಿತಿದ್ದೆ. ಬಾಯಿ ತೆರೆಯಲು ಮಾತ್ರ ನಾಚಿಕೆ. ನನಗೆ ಏನೂ ತಿಳಿಯುವುದಿಲ್ಲ ಎಂದೇ ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ದರು, ನಾನೂ ಹಾಗೆಯೇ ಇರಗೊಟ್ಟಿದ್ದೆ.

ಶಾಲೆಯಲ್ಲಿ ಅವಳಿಗೆ ಸುಖವಿರಲಿಲ್ಲ. ಮಧ್ಯಾಹ್ನ ಯಾರ ಜೊತೆ ಕೂತು ಉಣ್ಣಬೇಕೆಂಬುದೇ ಅವಳಿಗೆ ದಿನದಿನದ ಚಿಂತೆ. ಅವರ ಉಪವಾಸದ ದಿನ ನೀರೂ ಕುಡಿಯದೆ ಶಾಲೆಗೆ ಹೋಗಿ, ಸಂಜೆ ತಲೆ ಸುತ್ತಿ ಬಸ್‌ಸ್ಟಾಪಿನಲ್ಲಿ ಕೂತುಬಿಟ್ಟಿದ್ದಳು. ನಾನು ಸಣ್ಣವನನ್ನು ಎತ್ತಿಕೊಂಡು ಹೋಗಿ ಕೈಹಿಡಿದು ಕರೆತಂದೆ. "ಆಯಿ, ವಾಪಸು ಹೋಗಬೇಕು ಅನಿಸುತ್ತದೆ" ಎಂದಳು. "ಮತ್ತ ಯಾಕ ಇದ್ದೀ?" ಎಂದು ನಾನು ಕಣ್ಣಲ್ಲೇ ಕೇಳಿದೆ. ಅಪ್ಪನಿಗಾಗಿ ಎಂದಳು. ಅಪ್ಪನಿಗೆ ಮಗಳು ಹೊರದೇಶ ನೋಡಬೇಕು, ಇಂಗ್ಲಿಷ್ ಕಲಿಯಬೇಕು ಎಂಬ ಆಸೆ. ಅವನದು ಗಡಿಯಾರ ದುರಸ್ತಿಯ ಅಂಗಡಿ, ಹೃದಯದ ಕಾಯಿಲೆಯ ಮನುಷ್ಯ. ತಾಯಿಗೆ ಮಗಳನ್ನು ಕಳಿಸಲು ಮನಸ್ಸಿರಲಿಲ್ಲ. "ನೀನು ಹೋದರೆ ಅವನ ಎದೆ ಒಡೆಯುತ್ತದೆ, ಆಗ ನನ್ನ ಹತ್ತಿರ ಬರಬೇಡ" ಎಂದಿದ್ದಳಂತೆ. ಆ ಸಿಟ್ಟಿಗೆ ಹುಡುಗಿ ವಿಮಾನ ಹತ್ತುವಾಗ ಅಪ್ಪನನ್ನು ಅಪ್ಪಿಕೊಂಡು, ತಾಯಿಯ ಜೊತೆ ಮಾತಾಡದೆ ಬಂದಿದ್ದಳು. ಫೋನಿನಲ್ಲೂ ಇಬ್ಬರದು ಎರಡೇ ಮಾತು. ಅಪ್ಪನೇ ನಡುವೆ ನಿಂತು ಇವಳದನ್ನು ಅವಳಿಗೆ, ಅವಳದನ್ನು ಇವಳಿಗೆ ಮುಟ್ಟಿಸುತ್ತಿದ್ದ.

ಜನವರಿಯಲ್ಲಿ ಪರೀಕ್ಷೆ ಬಂತು. ಒಂದು ಸೋಮವಾರ ಬೆಳಿಗ್ಗೆ ಎಲ್ಲರೂ ಹೋದ ಮೇಲೆ ಎಂಟೂವರೆಗೆ ಫೋನು ಬಂತು. ನಾನು ಸಾಮಾನ್ಯವಾಗಿ ಎತ್ತುತ್ತಿರಲಿಲ್ಲ. ಅಂದು ಸಣ್ಣವನು ಆಗಷ್ಟೇ ಮಲಗಿದ್ದ, ಅವನು ಎದ್ದಾನೆಂದು ಎತ್ತಿದೆ. ಅತ್ತ ಒಬ್ಬ ಗಂಡಸು. ಮಗುವಿಗೆ ಹೇಳುವ ಹಾಗೆ ಬಿಡಿಬಿಡಿಯಾಗಿ ಇಂಗ್ಲಿಷಿನಲ್ಲಿ ಹೇಳಿದ. ತಾನು ಹುಡುಗಿಯ ಸೋದರಮಾವ. ಅವಳ ಅಪ್ಪ ಬೆಳಗಿನ ಜಾವ ತೀರಿಕೊಂಡ. ಇವತ್ತೇ ಮಣ್ಣು ಮಾಡುತ್ತೇವೆ, ನಮ್ಮಲ್ಲಿ ಸಂಜೆ ಐದು, ನಿಮ್ಮಲ್ಲಿ ಮಧ್ಯಾಹ್ನ ಹನ್ನೆರಡು. ಅವಳು ಬಂದು ಮುಟ್ಟಲಾರಳು. ಆದರೆ ಹನ್ನೆರಡಕ್ಕೆ ಸರಿಯಾಗಿ ಸ್ಮಶಾನದಿಂದ ಮೊಬೈಲಿನಲ್ಲಿ ಫೋನು ಮಾಡುತ್ತೇನೆ, ಅವಳು ಫೋನಿನ ಹತ್ತಿರ ಇರಬೇಕು, ಪ್ರಾರ್ಥನೆ ಕೇಳಿಸಿಕೊಳ್ಳಬೇಕು. "ತಿಳಿಯಿತೇ?" ಎಂದು ಎರಡು ಸಲ ಕೇಳಿದ. ನಾನು "ಯೆಸ್" ಎಂದೆ.

ತಿಳಿದಿತ್ತು. ಎಲ್ಲ ತಿಳಿದಿತ್ತು.

ನಮ್ಮ ಕಡೆ ಸಾವಿನ ಸುದ್ದಿಯನ್ನು ಇದ್ದ ಹಾಗೆ ಯಾರೂ ಹೇಳುವುದಿಲ್ಲ. ದೂರದಲ್ಲಿರುವವರಿಗೆ "ಆರಾಮಿಲ್ಲ, ಲಗೂ ಬಾ" ಎಂದಷ್ಟೇ ಹೇಳಿ ಕಳಿಸುತ್ತಾರೆ. ಉಣ್ಣುವವರಿಗೆ ಹೇಳುವುದಿಲ್ಲ, ದಾರಿಯಲ್ಲಿರುವವರಿಗೆ ಹೇಳುವುದಿಲ್ಲ, ಕೈಯಲ್ಲಿ ಕೆಲಸ ಹಿಡಿದವರಿಗೆ ಹೇಳುವುದಿಲ್ಲ. ಮೊದಲು ಒಂದು ತುತ್ತು ಹೊಟ್ಟೆಗೆ ಬೀಳಲಿ, ಮನೆ ಮುಟ್ಟಲಿ, ಆಮೇಲೆ ಅಳುವುದು ಇದ್ದೇ ಇದೆ ಎನ್ನುತ್ತಾರೆ. ಇವತ್ತೇ ಮಣ್ಣು ಎಂದು ಅವನು ಹೇಳಿದ್ದನ್ನೂ ನಾನು ನಮ್ಮ ಕಡೆಯ ಮಾತಿನ ಹಾಗೆಯೇ ತೆಗೆದುಕೊಂಡೆ. ಹೊತ್ತಾಯಿತು, ಎತ್ತೋಣ, ಎತ್ತೋಣ ಎಂದು ಗಂಡಸರು ನಮ್ಮಲ್ಲೂ ಅವಸರ ಮಾಡುತ್ತಾರೆ. ಆದರೂ ಹೆಣ್ಣುಮಗಳು ಬಂದು ಮುಖ ನೋಡುವವರೆಗೆ ವಿಭೂತಿ ಹಚ್ಚಿ ಕೂರಿಸಿದ ಹೆಣವನ್ನು ಯಾರೂ ಎತ್ತುವುದಿಲ್ಲ. ಒಬ್ಬಳೇ ಮಗಳನ್ನು ಬಿಟ್ಟು ಯಾರಾದರೂ ಮಣ್ಣು ಮಾಡುತ್ತಾರೆಯೇ? ಕಾಯುತ್ತಾರೆ, ಪರೀಕ್ಷೆ ಮುಗಿಸಿ ಬರಲಿ, ಉಂಡ ಮೇಲೆ ಮೆಲ್ಲಗೆ ಹೇಳಿದರಾಯಿತು ಎಂದುಕೊಂಡೆ.

ಇನ್ನೊಂದು ಮಾತೂ ಇದೆ, ಅದನ್ನು ಬಿಟ್ಟರೆ ಈ ಬರಹ ಸುಳ್ಳಾಗುತ್ತದೆ. ಶಾಲೆಯ ನಂಬರು ಫ್ರಿಜ್ಜಿನ ಮೇಲೆಯೇ ಇತ್ತು. ಒಂದು ಸಲ ಒತ್ತಿದೆ ಕೂಡ. ಅತ್ತ ಒಬ್ಬಾಕೆ ಎತ್ತಿ ಚುರುಕಾಗಿ ಏನೋ ಕೇಳಿದಳು. ಇಟ್ಟುಬಿಟ್ಟೆ. ರೂಢಿಯ ಹಿಂದೆ ನನ್ನ ನಾಚಿಕೆಯೂ ಅಡಗಿ ಕೂತಿತ್ತು.

ನಿಮ್ಮ ಅವ್ವನ ಆಫೀಸಿಗೆ ಫೋನು ಮಾಡಿದರೆ ಮಶೀನು ಮಾತಾಡಿತು. ಹತ್ತೂವರೆಗೆ ಅವಳೇ ತಿರುಗಿ ಮಾಡಿದಳು.

"ಅವ್ವಾ, ನಾ ಮೀಟಿಂಗಿನ್ಯಾಗ ಇದ್ನಿ. ಇವತ್ತ ನಮ್ಮ ಟೀಮಿನ್ಯಾಗ ಮೂರು ಮಂದೀನ್ನ ತಗದ್ರು. ಏನಾತು? ಹುಡುಗರು ಆರಾಮ ಅದಾರಿಲ್ಲೋ?"

"ಹುಡುಗರು ಆರಾಮ ಅದಾರ. ಅಕಿ ಅಪ್ಪಗ ಆರಾಮಿಲ್ಲಂತ. ಊರಿಂದ ಫೋನ್ ಬಂದಿತ್ತು."

"ಭಾಳ ಸೀರಿಯಸ್ಸೇನು?"

"ಹಂಗ ಕಾಣಸ್ತೈತಿ. ನೀ ಸಾವಕಾಶ ಗಾಡಿ ಹೊಡಕೊಂಡು ಬಾ."

"ಅಕಿಗೆ ಇವತ್ತ ಫೈನಲ್ಸು, ಹನ್ನೆರಡೂವರೀಗೆ ಮುಗಿತೈತಿ. ಪೂರಾ ಬರೀಲಿ ಬಿಡು. ನಾನ ಹೋಗಿ ಕರಕೊಂಡು ಬರ್ತೀನಿ."

ಫ್ರೀವೇಯಲ್ಲಿ ಗಾಡಿ ಓಡಿಸಿಕೊಂಡು ಬರುವ ಮಗಳಿಗೆ ಸಾವಿನ ಸುದ್ದಿ ಹೇಗೆ ಹೇಳಲಿ ಎಂದು, ಅವಳಿಗೂ ನಾನು ನಿಜ ಹೇಳಲಿಲ್ಲ. ಆರಾಮಿಲ್ಲ ಎಂದಷ್ಟೇ ಕೇಳಿದವಳು ಪರೀಕ್ಷೆ ಮುಗಿಯಲಿ ಎಂದಳು. ಅದರಲ್ಲಿ ಅವಳ ತಪ್ಪು ಎಳ್ಳಷ್ಟೂ ಇಲ್ಲ. ಹನ್ನೆರಡು ಗಂಟೆಯ ಮಾತನ್ನು ನಾನು ಬಾಯಿ ಬಿಡಲಿಲ್ಲ.

ರೊಟ್ಟಿ ಬಡಿದಿಟ್ಟೆ. ಸಣ್ಣವನಿಗೆ ಹಾಲು ಕಾಸಿದೆ. ಹನ್ನೆರಡಕ್ಕೆ ಸರಿಯಾಗಿ ಫೋನು ಬಂತು.

ನಾನು ಎತ್ತಿ ಮೆಲ್ಲಗೆ "ಹಲೋ" ಎಂದೆ. ಅದೇ ಗಂಡಸಿನ ದನಿ, ಈಗ ಅವಸರ. ಹುಡುಗಿಯೇ ಎತ್ತಿದಳೆಂದು ತಿಳಿದು ಅವರ ಭಾಷೆಯಲ್ಲಿ ಏನೋ ಹೇಳಿ, ಕೂಡಲೇ ಫೋನನ್ನು ಕಿವಿಯಿಂದ ತೆಗೆದು ಎತ್ತಿ ಹಿಡಿದನೆಂದು ತೋರುತ್ತದೆ. ಗಾಳಿಯ ಸದ್ದು ಬಂತು. ಬಹಳ ಜನ ಗಂಡಸರು ಒಟ್ಟಾಗಿ ಮಂತ್ರ ಹೇಳತೊಡಗಿದರು. ಯಾರೋ ಕೆಮ್ಮಿದರು. ಆಮೇಲೆ ಸಲಿಕೆಯ ಸದ್ದು, ಹಿಂದೆಯೇ ಹಲಗೆಯ ಮೇಲೆ ಮಣ್ಣು ಬೀಳುವ ಸದ್ದು. ಆ ಸದ್ದು ನನಗೆ ಗೊತ್ತು. ನಾವೂ ಮಣ್ಣು ಮಾಡುವವರೇ. ನಮ್ಮಲ್ಲಿ ಹಲಗೆ ಇರುವುದಿಲ್ಲ, ಮೆತ್ತಗೆ ಬೀಳುತ್ತದೆ. ಅಲ್ಲಿ ದಬದಬ ಎಂದು ಬಿತ್ತು.

ಅವರು ಕಾಯಲಿಲ್ಲ. "ಅವಳು ಇಲ್ಲ, ಶಾಲೆಯಲ್ಲಿದ್ದಾಳೆ" ಎಂದು ಒಂದು ಮಾತು ಹೇಳಬಹುದಾಗಿತ್ತು. ಹೇಳಿದರೆ, ಯಾಕೆ ಕರೆಸಲಿಲ್ಲ ಎಂದು ಕೇಳುತ್ತಿದ್ದರು. ಇಟ್ಟುಬಿಡಲೂ ಆಗಲಿಲ್ಲ. ಸತ್ತವನಿಗೆ ಬೆನ್ನು ಮಾಡಿ ಎದ್ದುಹೋದ ಹಾಗಾಗುತ್ತದೆ ಎನಿಸಿತು. ನಿಂತೇ ಇದ್ದೆ. ಸಣ್ಣವನು ಕಾಲಿಗೆ ಜೋತುಬಿದ್ದು ಹಾಲು ಬೇಡಿದ. ಅವನ ದನಿ ಕೇಳಿಸದಿರಲೆಂದು ಸೆರಗಿನಿಂದ ಫೋನಿನ ಬಾಯಿ ಮುಚ್ಚಿದೆ.

ಆಮೇಲೆ ಒಬ್ಬ ಹೆಂಗಸು ಮಾತಾಡಿದಳು, ಬಹಳ ಹತ್ತಿರದಿಂದ. ಹುಡುಗಿಯನ್ನು ಅವಳ ಮನೆಯವರು ಕರೆಯುವ ಮುದ್ದಿನ ಹೆಸರು ನನಗೆ ಗೊತ್ತಿತ್ತು. ಆ ಹೆಸರನ್ನು ಮೂರು ಸಲ ಕರೆದಳು. ಅಳುತ್ತ ಏನೋ ಹೇಳಿದಳು. ಏನೋ ಕೇಳಿದಳು. ಉತ್ತರಕ್ಕೆ ಕಾದಳು. ಮತ್ತೆ ಹೆಸರು ಕರೆದಳು. ಸೆರಗು ಜಾರಿತ್ತು, ಉಸಿರು ಬಿಗಿಹಿಡಿಯಲು ನೋಡಿದೆ, ಆಗಲಿಲ್ಲ. ನನ್ನ ಉಸಿರು ಅವಳಿಗೆ ಕೇಳಿಸುತ್ತಿತ್ತೆಂದು ನನಗೆ ಗೊತ್ತಾಗುತ್ತಿತ್ತು. ಕಡೆಗೆ ಲೈನು ಕಡಿಯಿತು.

ಒಂದು ಗಂಟೆಗೆ ನಿಮ್ಮ ಅವ್ವ ಹುಡುಗಿಯನ್ನು ಕರೆದುಕೊಂಡು ಬಂದಳು. "ಅಪ್ಪನಿಗೆ ಹುಷಾರಿಲ್ಲವಂತೆ, ಮನೆಗೆ ಹೋಗಿ ಫೋನು ಮಾಡು" ಎಂದಷ್ಟೇ ದಾರಿಯಲ್ಲಿ ಹೇಳಿದ್ದಳು. ನಾನು ತಟ್ಟೆ ಹಾಕಿದ್ದೆ. ಹುಡುಗಿ ತಟ್ಟೆಯ ಕಡೆ ನೋಡದೆ ನಿಂತೇ ನಂಬರು ಒತ್ತಿದಳು. ಯಾರೋ ಎತ್ತಿದರು. ಅವಳು ಕೇಳಿದಳು, ಅವರು ಹೇಳಿದರು. ಹುಡುಗಿ ಗೋಡೆಗೆ ಬೆನ್ನು ಹಚ್ಚಿ ಜಾರುತ್ತ ಜಾರುತ್ತ ನೆಲಕ್ಕೆ ಕೂತಳು. ಆಮೇಲೆ ಎದ್ದು ನಿಂತು, ಎರಡೂ ಕೈಯಿಂದ ತನ್ನ ಅಂಗಿಯ ಕೊರಳಪಟ್ಟಿ ಹಿಡಿದು ಹರಿದುಕೊಂಡಳು. ಆ ಬಟ್ಟೆ ಹರಿದ ಸದ್ದಿಗೆ ಸಣ್ಣವನು ಹೆದರಿ ಅಳತೊಡಗಿದ.

ನಿಮ್ಮ ಅವ್ವ ನನ್ನ ಕಡೆ ತಿರುಗಿದಳು. "ಅವ್ವಾ, ಆರಾಮಿಲ್ಲಂತ ಅಂದಿದ್ದಿ ಅಲ್ಲ?"

"ಹಂಗ ಅಂದ್ರವಾ ಅವರು."

"ಪಾಪ, ಅವರು ಹೇಳಿದ್ದು ನಿನಗ ತಿಳಿದಿಲ್ಲ" ಎಂದಳು ಮಗಳು. ಹುಡುಗಿಗೂ ಇಂಗ್ಲಿಷಿನಲ್ಲಿ ಅದನ್ನೇ ಹೇಳಿದಳು. ಅವಳು ಆ ಅಳುವಿನಲ್ಲೂ ನನ್ನ ಭುಜ ಮುಟ್ಟಿ "ನಿನ್ನ ತಪ್ಪಲ್ಲ, ಆಯಿ" ಎಂದಳು. ನಾನು ತಲೆ ತಗ್ಗಿಸಿದೆ.

ಸಂಜೆ ತಾಯಿ ಫೋನಿಗೆ ಬಂದಳು. ಹುಡುಗಿ ಒಂದೇ ಸಮ "ನೋ, ನೋ" ಎನ್ನುತ್ತಿದ್ದಳು. ಫೋನನ್ನು ಎದೆಗೆ ಒತ್ತಿ ಹಿಡಿದು ನಿಮ್ಮ ಅವ್ವನನ್ನು ಕೇಳಿದಳು, ಹನ್ನೆರಡು ಗಂಟೆಗೆ ಮನೆಗೆ ಫೋನು ಬಂದಿತ್ತೇ ಎಂದು. ಮಗಳು ನನ್ನನ್ನು ಕೇಳಿದಳು.

"ಇಲ್ಲವಾ. ಯಾವ ಫೋನೂ ಬರಲಿಲ್ಲ. ನಾ ಹುಡುಗಗ ನೀರು ಎರೀಲಿಕ್ಕೆ ಹತ್ತಿದ್ದೆ."

ಹುಡುಗಿ ಅದನ್ನೇ ತಾಯಿಗೆ ಹೇಳಿದಳು.

ಅವರಲ್ಲಿ ಹಾಗೆ ಹರಿದುಕೊಂಡ ಬಟ್ಟೆಯಲ್ಲೇ ಏಳು ದಿನ ದುಃಖದಲ್ಲಿ ಕೂರಬೇಕು, ಎತ್ತರದ ಕುರ್ಚಿ ಆಗದು. ನಾನು ನನ್ನ ಮಣೆ ಕೊಟ್ಟೆ. ಕನ್ನಡಿಗಳ ಮೇಲೆ ಹೊದಿಕೆ ಹಾಕಬೇಕಂತೆ, ನನ್ನ ಎರಡು ಸೀರೆ ಹಾಕಿದೆವು. ಮೊದಲ ಊಟ ಬೇರೆಯವರ ಕೈಯಿಂದ ಬರಬೇಕಂತೆ, ಬೇಯಿಸಿದ ಮೊಟ್ಟೆ. ನಿಮ್ಮ ಅಪ್ಪ ತರಲು ಹೊರಟಾಗ ಅವಳೇ ತಡೆದಳು. ಗುಂಡಗಿರುವ ಬೇಳೆಕಾಳೂ ಆಗುತ್ತದೆ, ಈ ಮನೆಯಲ್ಲಿ ಮೊಟ್ಟೆ ಬೇಡ ಎಂದಳು. ಇಡೀ ಮಸೂರು ಬೇಯಿಸಿ ಕೊಟ್ಟೆ. ನಾಲ್ಕು ಚಮಚ ತಿಂದಳು. ಅಂಥ ದುಃಖದಲ್ಲೂ ನಮ್ಮ ಮನೆಯ ಕಟ್ಟುಪಾಡನ್ನು ಕಾಯ್ದ ಹುಡುಗಿಗೆ ನಾನು ಮಾಡಿದ್ದು ಇದು.

ದುಃಖದ ಪ್ರಾರ್ಥನೆಗೆ ಅವರ ಧರ್ಮದ ಹತ್ತು ಮಂದಿ ಬೇಕು. ಕೌನ್ಸೆಲರ್ ಹೇಳಿಕಳಿಸಿ ಎರಡು ಸಂಜೆ ಬರ್ಕ್ಲಿಯಿಂದ ಕೆಲವರು ಬಂದು ಹೋದರು. ಉಳಿದ ಹೊತ್ತೆಲ್ಲ ಅವಳು ಮಣೆಯ ಮೇಲೆ, ಹರಿದ ಅಂಗಿಯಲ್ಲಿ, ಒಬ್ಬಳೇ. ದಿನಾ ಊರಿಗೆ ಫೋನು ಮಾಡುತ್ತಿದ್ದಳು. ಸೋದರಮಾವನೋ ಚಿಕ್ಕಮ್ಮನೋ ಎತ್ತುತ್ತಿದ್ದರು. ತಾಯಿ ಬರುತ್ತಿರಲಿಲ್ಲ.

ನಾಲ್ಕನೆಯ ಸಂಜೆ ಅವಳು ನಿಮ್ಮ ಅವ್ವನಿಗೆ ಎಲ್ಲ ಹೇಳಿದಳು. ನಾನು ಸಿಂಕಿನ ಮುಂದೆ ನಿಂತು ಪಾತ್ರೆ ತೊಳೆಯುತ್ತ ಕೇಳಿಸಿಕೊಂಡೆ.

"ನಾನು ಫೋನಿನಲ್ಲಿದ್ದೆ ಅನ್ನುತ್ತಾಳೆ ಅಮ್ಮ. ನನ್ನ ಉಸಿರು ಕೇಳಿಸಿತಂತೆ. ಅಪ್ಪನ ಮೇಲೆ ಮಣ್ಣು ಬೀಳುವಾಗ ಅವಳು ನನ್ನನ್ನು ಕರೆದಳಂತೆ, ಕ್ಷಮಿಸು ಅಂದಳಂತೆ, ನಾನು ಬಾಯಿ ಬಿಡಲಿಲ್ಲವಂತೆ. ಮಾವ ತಪ್ಪು ನಂಬರಿಗೆ ಮಾಡಿದ್ದಾನೆ ಅಂದರೆ ನಂಬುವುದಿಲ್ಲ. ಬೆಳಿಗ್ಗೆ ಮಾಡಿದ ನಂಬರೇ ಅದು ಎಂದು ಮಾವ ಆಣೆ ಮಾಡುತ್ತಾನೆ. ಅಂಥ ಹೊತ್ತಿನಲ್ಲೂ ತನ್ನ ಮೇಲೆ ಹಟ ಸಾಧಿಸಿದ ಮಗಳು ತನಗೆ ಬೇಡ, ಬರಬೇಡ ಅಂದಿದ್ದಾಳೆ."

"ಸಿಟ್ಟು ಇಳೀತೈತಿ, ತಡಿ" ಎಂದಳು ನಿಮ್ಮ ಅವ್ವ ಕನ್ನಡದಲ್ಲೇ, ಅವಳ ತಲೆ ಸವರುತ್ತ.

"ಇನ್ನು ನಡುವೆ ಹೇಳಲು ಅಪ್ಪನೂ ಇಲ್ಲ" ಎಂದಳು ಹುಡುಗಿ.

ಅಂದು ಮಲಗಿದಾಗ ನನ್ನದೇ ಒಂದು ದಿನ ನೆನಪಿಗೆ ಬಂತು. ನಿಮ್ಮ ಅಜ್ಜ ತೀರಿಕೊಂಡಾಗ ನಾನು ತವರಿನಲ್ಲಿದ್ದೆ. "ಅವಂಗ ಒಂಚೂರು ಜ್ವರ ಬಂದಾವಂತ, ಹೋಗಿ ಬರೂಣು ನಡಿ" ಎಂದು ತಮ್ಮ ಬಸ್ಸು ಹತ್ತಿಸಿದ. ಬುತ್ತಿ ಕಟ್ಟಿಕೊಟ್ಟಿದ್ದರು. ಬಸ್ಸಿನಲ್ಲಿ ಪಕ್ಕದ ಹೆಂಗಸಿಗೆ ರೊಟ್ಟಿ ಹಂಚಿ ಉಂಡೆ. ಅವಳ ಸೊಸೆಯ ಸುದ್ದಿ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಪಕ್ಕದಲ್ಲಿದ್ದ ತಮ್ಮ ಕಿಟಕಿಯ ಕಡೆ ಮುಖ ಮಾಡಿದ್ದ. ಇಳಿದಾಗ ಓಣಿಯ ತುಂಬ ಮಂದಿ. ನನಗಾಗಿ ಕಾದಿದ್ದರು, ಮುಖ ನೋಡಿದೆ, ಅದು ದೊಡ್ಡದು. ಆದರೆ ಆ ನಗು ಇವತ್ತಿಗೂ ನನ್ನ ಮೈಮೇಲೆ ಹಾಗೆಯೇ ಕೂತಿದೆ. ತಮ್ಮನನ್ನು ಅದಕ್ಕಾಗಿ ನಾನು ಒಳಗೊಳಗೇ ಕ್ಷಮಿಸಿಲ್ಲ. ಅಂಥ ಸುಳ್ಳು ಹೇಗೆ ಕುಟುಕುತ್ತದೆ ಎಂದು ಗೊತ್ತಿದ್ದೂ ನಾನು ಅದನ್ನೇ ಮಾಡಿದ್ದೆ.

ಬೆಳಿಗ್ಗೆ ಎಲ್ಲರೂ ಹೋದ ಮೇಲೆ ಹುಡುಗಿಯ ಎದುರು ನೆಲದ ಮೇಲೆ ಕೂತೆ. ಜೀವನದಲ್ಲಿ ಮೊದಲ ಸಲ ಉದ್ದಕ್ಕೆ ಇಂಗ್ಲಿಷಿನಲ್ಲಿ ಮಾತಾಡಿದೆ. ಹರಕುಮುರುಕು. ಫೋನು ಬಂದಿತ್ತು. ಹನ್ನೆರಡಕ್ಕೆ. ನಾನು ಎತ್ತಿದೆ.

ಅವಳಿಗೆ ಅರ್ಥವಾಗಲಿಲ್ಲ. "ಬರಲಿಲ್ಲ ಅಂದೆಯಲ್ಲ, ಆಯಿ?"

ಸುಳ್ಳು ಹೇಳಿದೆ ಎಂದೆ.

"ಬೆಳಿಗ್ಗೆಯದು? ಅದು ನಿನಗೆ ತಿಳಿಯಲಿಲ್ಲ, ಅಲ್ಲವಾ?"

ತಿಳಿದಿತ್ತು ಎಂದೆ. ಎಲ್ಲ ತಿಳಿದಿತ್ತು.

ಅವಳು ನನ್ನ ಮುಖವನ್ನೇ ನೋಡಿದಳು. ಬೈದಿದ್ದರೆ, ಹೊಡೆದಿದ್ದರೆ ಒಳ್ಳೆಯದಿತ್ತು. ಒಂದೇ ಮಾತು ಕೇಳಿದಳು. "ನಿನಗೆ ಏನು ಕೇಳಿಸಿತು?"

ಹೇಳಿದೆ. ಇಂಗ್ಲಿಷು ಸಾಲದಾದಲ್ಲಿ ಕನ್ನಡ, ಅದೂ ಸಾಲದಾದಲ್ಲಿ ಕೈ. ಗಾಳಿ, ಗಂಡಸರ ಮಂತ್ರ, ಸಲಿಕೆ. ಮಣ್ಣು ಎಷ್ಟು ಹೊತ್ತು ಬಿತ್ತು ಎಂದು ಕೇಳಿದಳು. ನೆಲದ ಹಲಗೆಯ ಮೇಲೆ ಅಂಗೈ ಬಡಿದು ತೋರಿಸಿದೆ. ಮೊದಮೊದಲು ಜೋರಾಗಿ, ಆಮೇಲೆ ಮಣ್ಣಿನ ಮೇಲೆ ಮಣ್ಣು ಬಿದ್ದು ಮೆತ್ತಗೆ. ಅವಳು ಕಣ್ಣು ಮುಚ್ಚಿ ಕೇಳಿಸಿಕೊಂಡಳು. "ಮತ್ತೆ" ಎಂದಳು. ಮತ್ತೆ ಬಡಿದೆ. ಆಮೇಲೆ ಅವಳ ತಾಯಿ ಅವಳನ್ನು ಕರೆದ ಹಾಗೆಯೇ ಆ ಮುದ್ದಿನ ಹೆಸರನ್ನು ಮೂರು ಸಲ ಕರೆದೆ. ಆಗ ಅವಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು.

ಎದ್ದು ಹೋಗಿ ಫೋನಿನ ನಂಬರು ಒತ್ತಿ, ಎಲ್ಲರಿಗೂ ಕೇಳಿಸುವ ಗುಂಡಿ ಒತ್ತಿದಳು. "ಬಾ. ಅಮ್ಮನಿಗೆ ನೀನೇ ಹೇಳು" ಎಂದಳು.

ಅಡುಗೆಮನೆಯ ತುಂಬ ಅಲ್ಲಿಯ ದನಿಗಳು ಬಂದವು. ಮೊದಲು ಸೋದರಮಾವ. ಹುಡುಗಿ ಏನೋ ಗಟ್ಟಿಯಾಗಿ ಹೇಳಿದಳು, ಕುರ್ಚಿ ಎಳೆದ ಸದ್ದಾಯಿತು, ತಾಯಿ ಬಂದಳೆಂದು ತಿಳಿಯಿತು. ನಾನು ಒಂದು ಮಾತು ಹೇಳುವುದು, ಹುಡುಗಿ ಅದನ್ನು ಅವರ ಭಾಷೆಗೆ ತಿರುಗಿಸುವುದು. ಬೆಳಿಗ್ಗೆಯ ಫೋನು ನಾನೇ ಎತ್ತಿದ್ದು. ನನಗೆ ತಿಳಿದಿತ್ತು. ನಾನು ಅವಳಿಗೆ ಹೇಳಲಿಲ್ಲ. ಹನ್ನೆರಡು ಗಂಟೆಯ ಫೋನಿನಲ್ಲಿದ್ದದ್ದು ನಾನು, ನಿಮ್ಮ ಮಗಳಲ್ಲ. ನೀವು ಕರೆದಾಗ ಸುಮ್ಮನಿದ್ದವಳು ನಾನು.

ಅತ್ತಲಿಂದ ಸೋದರಮಾವ ಇಂಗ್ಲಿಷಿನಲ್ಲಿ ಕೇಳಿದ, "ಅಂದು ಎತ್ತಿದ ಕೂಡಲೇ ಏನಂದಿರಿ? ಹಾಗೆಯೇ ಅನ್ನಿ."

ನಾನು "ಹಲೋ" ಎಂದೆ. ಅಂದಿನಷ್ಟೇ ಮೆಲ್ಲಗೆ. ಬೇರೆ ದನಿ ನನಗೆ ಬರುತ್ತಲೂ ಇರಲಿಲ್ಲ.

ಅವನು ತನ್ನ ಅಕ್ಕನಿಗೆ ಏನೋ ಹೇಳಿದ. ತಾಯಿ ಮಗಳ ಹೆಸರು ಕರೆದಳು. ಹುಡುಗಿ "ಅಮ್ಮಾ" ಎಂದಳು, ಅವರ ಭಾಷೆಯಲ್ಲೂ ಆ ಮಾತು ಹೆಚ್ಚುಕಡಿಮೆ ಹಾಗೆಯೇ ಇದೆ. ಇಬ್ಬರೂ ಒಟ್ಟಿಗೆ ಅತ್ತರು. ನಾನು ಎದ್ದು ಹೊರಗೆ ಹೋಗಲು ನೋಡಿದೆ, ಹುಡುಗಿ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದಳು. ಬಿಗಿಯಾಗಿ ಹಿಡಿದಿದ್ದಳು, ಅದರಲ್ಲಿ ಪ್ರೀತಿ ಇರಲಿಲ್ಲ.

ತಾಯಿಯ ಅಳು ನಿಂತಿತು. ಆಮೇಲೆ ಅವಳು ಮಾತಾಡಿದಳು. ಅದು ಮಗಳಿಗೆ ಹೇಳಿದ್ದಲ್ಲ, ನನಗೆ. ದನಿಯೇ ಬೇರೆಯಾಗಿತ್ತು. ಕೂಗಲಿಲ್ಲ, ಅವಸರ ಮಾಡಲಿಲ್ಲ. ಐದಾರು ಮಾತು, ಒಂದೊಂದನ್ನೂ ತೂಗಿ ಇಟ್ಟ ಹಾಗೆ. ಹೇಳಿ ಮುಗಿಸಿ, ಮಗಳು ಅದನ್ನು ನನಗೆ ಮುಟ್ಟಿಸಲೆಂದು ಕಾದಳು.

ಹುಡುಗಿ ನನ್ನನ್ನು ನೋಡಿದಳು.

"ಏನಂದ್ರು?" ಎಂದೆ ನಾನು.

"ಅದನ್ನು ನಾನು ಹೇಳುವುದಿಲ್ಲ, ಆಯಿ" ಎಂದಳು. ನನ್ನ ಕೈ ಬಿಟ್ಟು ಫೋನನ್ನು ಕಿವಿಗೆ ಹಚ್ಚಿಕೊಂಡು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸಂಜೆ ನಿಮ್ಮ ಅವ್ವನಿಗೆ ಎಲ್ಲ ಹೇಳಿದೆ. ಅವಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಮಾತಾಡಿದಳು, ಮಕ್ಕಳನ್ನು ನೋಡಿಕೊಳ್ಳುವವರು ಬೇರೆ ಯಾರಿದ್ದರು? ಹುಡುಗಿಗೆ ತಾಯಿ ಕೂಡಲೇ ಬಾ ಎಂದಳು. ಏಳು ದಿನ ಮುಗಿದ ಮರುದಿನ ಅವಳು ಹೊರಟಳು. ಮಗಳು ಇಲ್ಲಿ ಒಂದು ವರ್ಷ ಓದಬೇಕೆಂದು ಅಪ್ಪ ಆಸೆಪಟ್ಟಿದ್ದ, ಅದು ಅರ್ಧಕ್ಕೇ ನಿಂತಿತು. ನಿಮ್ಮಿಬ್ಬರನ್ನೂ ಎತ್ತಿ ಮುದ್ದಿಟ್ಟಳು. ನನಗೆ ತಲೆಬಾಗಿಸಿ ಕಾರು ಹತ್ತಿದಳು. ಏರ್‌ಪೋರ್ಟಿಗೆ ನನ್ನನ್ನು ಯಾರೂ ಕರೆಯಲಿಲ್ಲ. ಆಮೇಲೆ ಅವಳಿಂದ ಕಾಗದವೂ ಬರಲಿಲ್ಲ.

ಆ ತಾಯಿ ಹೇಳಿದ ಮಾತುಗಳ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಅರ್ಥ ಗೊತ್ತಿಲ್ಲ, ಸದ್ದು ಮಾತ್ರ ಉಳಿದಿದೆ. ಇಲ್ಲಿ ಆ ಭಾಷೆ ಆಡುವವರಿಗೇನು ಬರವೇ? ಗ್ರೋಸರಿ ಅಂಗಡಿಯಲ್ಲಿ ತರಕಾರಿ ಜೋಡಿಸುವ ಹೆಂಗಸು ನನ್ನನ್ನು ಕಂಡರೆ ನಗುತ್ತಾಳೆ. ಅವಳ ಮುಂದೆ ನಿಂತು ಆ ಸದ್ದನ್ನು ಹೇಳಿದರೆ ಒಂದು ನಿಮಿಷದಲ್ಲಿ ಅರ್ಥ ಹೇಳುತ್ತಾಳೆ. ಎಷ್ಟೋ ಸಲ ಅವಳ ಮುಂದೆ ಹೋಗಿ ನಿಂತಿದ್ದೇನೆ. ಕೊತ್ತಂಬರಿ ತೆಗೆದುಕೊಂಡು ಬಂದಿದ್ದೇನೆ.